ರಸ್ತೆ ಸುರಕ್ಷತಾ ಕಾರ್ಯಕ್ರಮ ಹೇಗಿತ್ತು: ತಿಳಿಹೇಳುವುದೂ ಬೇಕು, ತಡೆದು ನಿಲ್ಲಿಸುವುದೂ ಬೇಕು

ನೇರವಾಗಿ ಹೇಳಿಬಿಡುತ್ತೇನೆ. ಸಂಚಾರ ಪೊಲೀಸರೂ ನಿವಾಸಿಗಳೂ ಸೇರಿ ನಡೆಸುವ ರಸ್ತೆ ಸುರಕ್ಷತಾ ಕಾರ್ಯಕ್ರಮ ನಿಮ್ಮ ಕಡೆ ಸಿಗುವ ಹಾಗಿದ್ದರೆ ಬಿಡಬೇಡಿ, ಕೇಳಿ ಮಾಡಿಸಿಕೊಳ್ಳಿ. ನಮ್ಮಲ್ಲಿ ಒಂದು ಸುತ್ತು ಪೂರ್ತಿ ಮುಗಿದಿದೆ. ಶಾಲೆಯಲ್ಲಿ ಪಾಠ, ಬೀದಿಯಲ್ಲಿ ಹೆಲ್ಮೆಟ್ ತಪಾಸಣೆ, ವೇಗ ತೋರಿಸುವ ಬೋರ್ಡು, ಅದಾದ ಮೇಲೆ ಬ್ಯಾರಿಕೇಡ್ ಹಾಕಿ ದಂಡ. ಕೆಲವು ಕಡೆ ಸ್ವಯಂಸೇವಕರ ಜೊತೆ ಕೆಲಸ ಮಾಡಿದೆ, ಕೆಲವು ಕಡೆ ಸುಮ್ನೆ ನೋಡುತ್ತಾ ನಿಂತಿದ್ದೆ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಹೋದ ಆ ಒಂದು ಅಂಕ ಸಣ್ಣದೇನಲ್ಲ, ಅದರ ಕಾರಣ ಮುಂದೆ ಬರುತ್ತದೆ.

ಇದನ್ನು ಒಂದು ಸೇವೆ ಅಂದುಕೊಂಡೇ ವಿಮರ್ಶೆ ಬರೆಯುತ್ತಿದ್ದೇನೆ. ಪೊಲೀಸರು ಬಂದು ಭಾಷಣ ಮಾಡಿದರೆ ಚಪ್ಪಾಳೆ ತಟ್ಟುತ್ತೇವೆ, ದಂಡ ಹಾಕಿದರೆ ಬೈಯುತ್ತೇವೆ. ಕೆಲಸ ಸರಿಯಾಗಿ ಆಯ್ತಾ, ಅದರಿಂದ ಏನಾದರೂ ಬದಲಾಯ್ತಾ ಅಂತ ಯಾರೂ ಕೇಳುವುದಿಲ್ಲ. ಕೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ 2021ರಲ್ಲಿ ಜಗತ್ತಿನ ರಸ್ತೆಗಳಲ್ಲಿ ಸತ್ತವರು ಸುಮಾರು 11.9 ಲಕ್ಷ ಜನ. 5ರಿಂದ 29 ವರ್ಷದವರ ಸಾವಿಗೆ ಮೊದಲನೇ ಕಾರಣವೇ ಇದು. ಒಟ್ಟು ಸಾವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನಡೆದು ಹೋಗುವವರದು, ಸೈಕಲ್‌ನವರದು, ಬೈಕ್ ಸ್ಕೂಟರ್‌ನವರದು. ಸುತ್ತ ತಗಡಿನ ರಕ್ಷಣೆಯೂ ಇಲ್ಲದ ಜನ ಇವರು. ಹಾಗಾಗಿ ಯಾರಾದರೂ ರಸ್ತೆ ಸುರಕ್ಷತೆ ಹೆಸರಲ್ಲಿ ನಮ್ಮ ಬೀದಿಗೆ ಬಂದರೆ ಅವರು ಏನು ಮಾಡಿದರು, ಎಷ್ಟು ಚೆನ್ನಾಗಿ ಮಾಡಿದರು ಅಂತ ಲೆಕ್ಕ ಕೇಳುವ ಹಕ್ಕು ನಮಗಿದೆ.

ಮೊದಲು ಅತಿ ಚೆನ್ನಾಗಿದ್ದ ಭಾಗ. ಶಾಲೆಯ ಮುಂದಿನ ರಸ್ತೆಯನ್ನು ಸ್ವಲ್ಪ ಹೊತ್ತು ಮುಚ್ಚಿ, ಅಳತೆ ಟೇಪು, ಸೀಮೆಸುಣ್ಣ, ಎರಡು ಕೋನ್ ಇಟ್ಟುಕೊಂಡು ಒಬ್ಬ ಸಂಚಾರ ಸಿಬ್ಬಂದಿ ಮಕ್ಕಳಿಗೆ ಪಾಠ ಮಾಡಿದರು. ಒಂದು ಗೆರೆ ಎಳೆದು, "ಇಲ್ಲಿ ನಿಮ್ಮ ಚೆಂಡಿನ ಹಿಂದೆ ಒಬ್ಬ ಹುಡುಗ ರಸ್ತೆಗೆ ಓಡಿ ಬಂದ ಅಂತ ಡ್ರೈವರ್‌ಗೆ ಕಾಣಿಸ್ತು" ಅಂದರು. ಕಾಣಿಸಿದ್ದು ತಲೆಗೆ ಹೋಗಿ, ಕಾಲು ಬ್ರೇಕ್ ಮೇಲೆ ಬರುವ ಹೊತ್ತಿಗೆ ಹತ್ತಿರ ಹತ್ತಿರ ಒಂದು ಸೆಕೆಂಡ್ ಆಗಿರುತ್ತದೆ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿರುವ ಗಾಡಿ ಆ ಒಂದು ಸೆಕೆಂಡಿನಲ್ಲಿ 8 ಮೀಟರ್ ಮುಂದೆ ಬಂದಿರುತ್ತದೆ, ಆಮೇಲೆ ಬ್ರೇಕ್ ಹಿಡಿದು ಇನ್ನೊಂದು 5 ಮೀಟರ್‌ಗೆ ನಿಲ್ಲುತ್ತದೆ. ಒಟ್ಟು 13 ಮೀಟರ್. ಅಲ್ಲೊಂದು ಕೋನ್ ಇಟ್ಟರು.

"ಈಗ 50ರಲ್ಲಿ ಬಂದ ಗಾಡಿ ಎಲ್ಲಿ ನಿಲ್ಲುತ್ತೆ ಹೇಳಿ" ಅಂದರು. ಮಕ್ಕಳು ಓಡಿ ಹೋಗಿ ಕೋನ್‌ನಿಂದ ನಾಲ್ಕೈದು ಹೆಜ್ಜೆ ಆಚೆ ನಿಂತರು. ದೊಡ್ಡವರು ಊಹಿಸಿದ್ದೂ ಅಷ್ಟೇ ದೂರ. ಅವರು ಟೇಪ್ ಎಳೆದು ತೋರಿಸಿದರು. 50ರ ವೇಗದಲ್ಲಿ ಒಂದು ಸೆಕೆಂಡಿಗೆ 14 ಮೀಟರ್ ಹೋಗುತ್ತದೆ. ಅಂದರೆ 30ರಲ್ಲಿ ಬಂದ ಗಾಡಿ ಪೂರ್ತಿ ನಿಂತುಬಿಟ್ಟ ಜಾಗಕ್ಕೆ 50ರ ಗಾಡಿ ಬಂದಾಗ ಅದರ ಬ್ರೇಕ್ ಇನ್ನೂ ಹಿಡಿದೇ ಇಲ್ಲ, ಪೂರ್ತಿ ವೇಗದಲ್ಲೇ ಇದೆ. ಬ್ರೇಕ್ ಹಿಡಿದ ಮೇಲೆ ನಿಲ್ಲಲು ಇನ್ನೂ 14 ಮೀಟರ್ ಬೇಕು. ಒಣ ರಸ್ತೆ, ಒಳ್ಳೆಯ ಟೈರು, ಎಚ್ಚರವಾಗಿರುವ ಡ್ರೈವರ್ ಇದ್ದಾಗಿನ ಮಾತು ಇದು. ಎರಡನೇ ಕೋನ್ 28 ಮೀಟರ್ ಹತ್ತಿರ ಇಟ್ಟಾಗ ಮಕ್ಕಳಷ್ಟೇ ಅಲ್ಲ, ಗೇಟ್ ಹತ್ತಿರ ಗಾಡಿ ಆಫ್ ಮಾಡಿ ನಿಂತಿದ್ದ ಅಪ್ಪ ಅಮ್ಮಂದಿರೂ ಮಾತು ನಿಲ್ಲಿಸಿದರು. "20 ಜಾಸ್ತಿ ಹೋದ್ರೆ ಏನಾಗುತ್ತೆ ಸರ್" ಅನ್ನುವ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನಾನು ನೋಡಿಲ್ಲ.

ಇದಕ್ಕೆ ಪ್ರೊಜೆಕ್ಟರ್ ಬೇಕಿಲ್ಲ, ಸ್ಟೇಜ್ ಬೇಕಿಲ್ಲ, ಅತಿಥಿಗಳೂ ಬೇಕಿಲ್ಲ. ಟೇಪು, ಸುಣ್ಣ, ವಿಷಯ ಗೊತ್ತಿರುವ ಒಬ್ಬ ಮನುಷ್ಯ, ಅಷ್ಟೇ. ಸರಾಸರಿ ವೇಗ ಶೇಕಡಾ 1ರಷ್ಟು ಏರಿದರೆ ಸಾವಾಗುವಂಥ ಅಪಘಾತಗಳ ಅಪಾಯ ಶೇಕಡಾ 4ರಷ್ಟು ಏರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಅಂಕಿಯನ್ನು ಬಾಯಲ್ಲಿ ಹೇಳಿದರೆ ಯಾರ ತಲೆಗೂ ಹೋಗುವುದಿಲ್ಲ. ಎರಡು ಕೋನ್‌ಗಳ ನಡುವೆ ನಡೆಸಿದರೆ ಹೋಗುತ್ತದೆ.

ಶಾಲೆಯ ಒಳಗೆ ನಡೆದ ಪಾಠ ಮಾತ್ರ ನನಗೆ ಇಷ್ಟವಾಗಲಿಲ್ಲ. ಅಪಘಾತದ ಫೋಟೋಗಳನ್ನು ಒಂದಾದ ಮೇಲೊಂದು ತೋರಿಸಿದರು. ಚಿಕ್ಕ ಮಕ್ಕಳು ಕಣ್ಣು ಮುಚ್ಚಿಕೊಂಡರು, ದೊಡ್ಡ ಹುಡುಗರು ಒಬ್ಬರಿಗೊಬ್ಬರು ಮೊಣಕೈಯಿಂದ ತಿವಿದುಕೊಂಡು ನಕ್ಕರು. ಹೆದರಿಸಿ ಬಿಟ್ಟರೆ ಪ್ರಯೋಜನ ಇಲ್ಲ. ಹೆದರಿದ ಮೇಲೆ ಏನು ಮಾಡಬೇಕು ಅನ್ನುವುದನ್ನೂ ಕೈಯಲ್ಲಿಟ್ಟು ಕಳಿಸಬೇಕು. ನಿಂತ ಬಸ್ಸಿನ ಮುಂದೆ ಯಾಕೆ ದಾಟಬಾರದು, ರಾತ್ರಿ ಹೊತ್ತು ಯಾವ ಬಣ್ಣದ ಬಟ್ಟೆ ದೂರದಿಂದ ಕಾಣುತ್ತದೆ, ಡ್ರೈವರ್ ನಿಮ್ಮನ್ನು ನೋಡಿದ್ದಾನೆ ಅಂತ ತಿಳಿಯುವುದು ಹೇಗೆ, ಇಂಥವು ಒಂದೂ ಬರಲಿಲ್ಲ. ಮುಂದಿನ ಸುತ್ತಿನಲ್ಲಿ ಆ ಫೋಟೋಗಳನ್ನು ಬಿಟ್ಟು ರಸ್ತೆ ದಾಟುವುದನ್ನೇ ಅಭ್ಯಾಸ ಮಾಡಿಸಿ ಅಂತ ಬರೆದು ಕೊಟ್ಟಿದ್ದೇವೆ.

ಇನ್ನು ಹೆಲ್ಮೆಟ್ ತಪಾಸಣೆ. ಇದನ್ನು ಹೇಳಿದಷ್ಟೂ ಕಡಿಮೆ. ಸಾಮಾನ್ಯವಾಗಿ ಹೆಲ್ಮೆಟ್ ಇದೆಯಾ ಇಲ್ವಾ ಅಂತ ನೋಡಿ ಕಳಿಸುತ್ತಾರೆ. ಇಲ್ಲಿ ದಂಡದ ಪುಸ್ತಕ ತರದೆ, ಒಂದು ಮೇಜು ಹಾಕಿಕೊಂಡು, ಬಂದವರ ಹೆಲ್ಮೆಟ್ಟನ್ನು ತಲೆಯ ಮೇಲಿಟ್ಟೇ ಪರೀಕ್ಷೆ ಮಾಡಿದರು. ಹುಬ್ಬಿನ ಮೇಲೆ ಎರಡು ಬೆರಳಿನಷ್ಟು ಜಾಗ ಬಿಟ್ಟು ಕೂರಬೇಕು, ಹಿಂದಕ್ಕೆ ಜಾರಿ ಹಣೆ ಪೂರ್ತಿ ಕಾಣಬಾರದು. ಸ್ಟ್ರಾಪ್ ಲಾಕ್ ಮಾಡಿದ ಮೇಲೆ ಗಲ್ಲದ ಕೆಳಗೆ ಒಂದೆರಡು ಬೆರಳು ಮಾತ್ರ ಹೋಗಬೇಕು. ಆಮೇಲೆ ಕೊನೆಯ ಪರೀಕ್ಷೆ: ಹಿಂಭಾಗದ ಅಂಚು ಹಿಡಿದು ಮುಂದಕ್ಕೆ ಎತ್ತುವುದು. ಕಳಚಿ ಬಂತು ಅಂದರೆ ಬಿದ್ದಾಗಲೂ ಕಳಚಿ ಹೋಗುತ್ತದೆ, ತಲೆ ಒಂದು ಕಡೆ, ಹೆಲ್ಮೆಟ್ ಇನ್ನೊಂದು ಕಡೆ.

ಒಬ್ಬರು ತುಂಬಾ ಚೆನ್ನಾಗಿರುವ, ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಹಾಕಿಕೊಂಡು ಬಂದರು. ಸ್ಟ್ರಾಪ್ ಕೂಡ ಲಾಕ್ ಆಗಿತ್ತು. ಹಿಂದಿನಿಂದ ಎತ್ತಿದರೆ ಸಲೀಸಾಗಿ ಕೈಗೇ ಬಂತು. "ಸೈಜ್ ನಿಮ್ಮದಲ್ಲ ಅಲ್ವಾ ಸರ್?" ಅಂತ ಸಿಬ್ಬಂದಿ ಕೇಳಿದರು. "ಮಗಂದು. ಅವನು ಹಾಸ್ಟೆಲ್‌ನಲ್ಲಿದ್ದಾನೆ, ಸುಮ್ನೆ ಬಿದ್ದಿತ್ತು ಅಂತ ಹಾಕ್ಕೊಂಡೆ." ಅವರನ್ನು ಯಾರೂ ಗದರಲಿಲ್ಲ. ಹೆಲ್ಮೆಟ್ ತಿರುವಿ ಒಳಗಿನ ಪ್ಯಾಡ್ ಸ್ವಲ್ಪ ಸರಿಸಿ ಒಳಗಿನ ಥರ್ಮಕೋಲ್ ತೋರಿಸಿದರು. ಕೆಲಸ ಮಾಡುವುದು ಅದೇ. ತಲೆ ಹೊಡೆದಾಗ ಅದು ನುಚ್ಚಾಗಿ ಏಟನ್ನು ತಾನು ತೆಗೆದುಕೊಳ್ಳುತ್ತದೆ, ಮತ್ತೆ ಉಬ್ಬಿ ಮೊದಲಿನಂತೆ ಆಗುವುದಿಲ್ಲ. ಅದಕ್ಕೇ ಒಂದು ಸಲ ಜೋರಾಗಿ ಬಿದ್ದ ಹೆಲ್ಮೆಟ್ ಹೊರಗೆ ಎಷ್ಟೇ ಹೊಳೆಯುತ್ತಿದ್ದರೂ ಮತ್ತೆ ಹಾಕಬಾರದು. ತಲೆಗೂ ಹೆಲ್ಮೆಟ್ಟಿಗೂ ನಡುವೆ ಜಾಗ ಇದ್ದರೆ ಆ ಥರ್ಮಕೋಲ್ ಎಷ್ಟು ಚೆನ್ನಾಗಿದ್ದರೂ ಕೆಲಸಕ್ಕೆ ಬರಲ್ಲ. ಅವರು ಕೇಳಿಕೊಂಡು, ಹಿಂದೆ ಕೂತಿದ್ದ ಹೆಂಡತಿಯ ಹೆಲ್ಮೆಟ್ಟನ್ನೂ ತಾವೇ ಎತ್ತಿ ನೋಡಿದರು. ಅದು ಗಟ್ಟಿಯಾಗಿತ್ತು.

ಹೆಲ್ಮೆಟ್ ಸಾವಿನ ಅಪಾಯವನ್ನು ಶೇಕಡಾ 42ರಷ್ಟು, ತಲೆಪೆಟ್ಟಿನ ಅಪಾಯವನ್ನು ಶೇಕಡಾ 69ರಷ್ಟು ಇಳಿಸುತ್ತದೆ ಅಂತ ಹಲವು ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದ ಕಾಕ್ರೇನ್ ವಿಮರ್ಶೆ ಹೇಳಿದೆ. ಆದರೆ ಹ್ಯಾಂಡಲ್‌ಗೆ ನೇತುಹಾಕಿದ ಹೆಲ್ಮೆಟ್, ಟ್ಯಾಂಕ್ ಮೇಲಿಟ್ಟ ಹೆಲ್ಮೆಟ್, ಸ್ಟ್ರಾಪ್ ಗಾಳಿಯಲ್ಲಿ ಹಾರಾಡುವ ಹೆಲ್ಮೆಟ್ ಆ ಲೆಕ್ಕಕ್ಕೆ ಬರುವುದಿಲ್ಲ. ದಂಡ ತಪ್ಪಿಸಿಕೊಳ್ಳಲು ಹಾಕುವ ಹೆಲ್ಮೆಟ್ಟಿಗೂ ತಲೆ ಉಳಿಸಿಕೊಳ್ಳಲು ಹಾಕುವ ಹೆಲ್ಮೆಟ್ಟಿಗೂ ಇರುವ ವ್ಯತ್ಯಾಸವನ್ನು ಈ ಮೇಜಿನ ಮುಂದೆ ಜನ ಕೈಯಿಂದ ಮುಟ್ಟಿ ನೋಡಿದರು. ಇಡೀ ಕಾರ್ಯಕ್ರಮದಲ್ಲಿ ಒಂದನ್ನೇ ಆರಿಸಿಕೊಳ್ಳಿ ಅಂದರೆ ನಾನು ಇದನ್ನೇ ಆರಿಸುತ್ತೇನೆ.

ಮೂರನೆಯದು ವೇಗ ತೋರಿಸುವ ಬೋರ್ಡು. ಒಂದು ಸಣ್ಣ ರೇಡಾರ್ ಇರುತ್ತದೆ, ಎದುರು ಬರುವ ಗಾಡಿಗೆ ಅಲೆ ಬಿಟ್ಟು, ತಿರುಗಿ ಬಂದ ಅಲೆಯಲ್ಲಿ ಆಗುವ ಬದಲಾವಣೆಯಿಂದ ವೇಗ ಲೆಕ್ಕ ಹಾಕಿ ದೊಡ್ಡ ಅಕ್ಷರದಲ್ಲಿ ತೋರಿಸುತ್ತದೆ. ಮಿತಿಯೊಳಗೆ ಇದ್ದರೆ ಹಸಿರು, ಮೀರಿದರೆ ಕೆಂಪು ಮಿಣುಕು. ಫೋಟೋ ತೆಗೆಯುವುದಿಲ್ಲ, ದಂಡ ಕಳಿಸುವುದಿಲ್ಲ. ಆದರೂ ಜನ ನಿಧಾನ ಮಾಡುತ್ತಾರೆ, ಇದನ್ನು ನಾನು ನಿಂತು ನೋಡಿದೆ. ತನ್ನ ವೇಗ ಎಲ್ಲರಿಗೂ ಕಾಣುತ್ತಿದೆ ಅನ್ನುವುದೇ ಸಾಕಾಗುತ್ತದೆ. ಎಷ್ಟೋ ಜನ ಸ್ಪೀಡೋಮೀಟರ್ ನೋಡುವುದೇ ಇಲ್ಲ. ತಾವು 50ರಲ್ಲಿ ಬರುತ್ತಿದ್ದೇವೆ ಅಂತ ಅವರಿಗೆ ಅಲ್ಲೇ ಗೊತ್ತಾಗುವುದು.

ಕೊರತೆಗಳೂ ಇವೆ. ಬಸ್ಸು ಲಾರಿ ಪಕ್ಕದಲ್ಲಿ ಬೈಕ್ ಬಂದರೆ ರೇಡಾರ್ ದೊಡ್ಡದನ್ನೇ ಹಿಡಿಯುತ್ತದೆ, ಬೈಕ್ ತಪ್ಪಿಸಿಕೊಳ್ಳುತ್ತದೆ. ಕೆಲವು ಹುಡುಗರು ನಂಬರ್ ಎಷ್ಟು ಏರುತ್ತದೆ ನೋಡೋಣ ಅಂತ ಬೇಕಂತಲೇ ಎಳೆದರು, ಅದಕ್ಕೆ ಒಂದು ಮಿತಿ ದಾಟಿದ ಮೇಲೆ ಸಂಖ್ಯೆ ತೋರಿಸದೆ "ನಿಧಾನ" ಅಂತ ಮಾತ್ರ ಬರುವ ಹಾಗೆ ಸೆಟ್ ಮಾಡಿಸಬೇಕು. ಎಲ್ಲಕ್ಕಿಂತ ದೊಡ್ಡ ಕೊರತೆ ಅಂದರೆ ಬೋರ್ಡ್ ತೆಗೆದ ಮೇಲೆ ಅದರ ಪರಿಣಾಮವೂ ಕರಗುತ್ತದೆ. ಒಂದೇ ಜಾಗದಲ್ಲಿ ಬಹಳ ದಿನ ಇಟ್ಟರೂ ಅಷ್ಟೇ, ಜನಕ್ಕೆ ಅದು ಗೋಡೆಯ ಕ್ಯಾಲೆಂಡರ್ ಥರ ಆಗಿಬಿಡುತ್ತದೆ. ಜಾಗ ಬದಲಿಸುತ್ತಾ ಇರಬೇಕು, ಬೋರ್ಡ್ ಇದ್ದ ಜಾಗದಲ್ಲಿ ಆಗಾಗ ನಿಜವಾದ ಸ್ಪೀಡ್ ಗನ್ ಕೂಡ ನಿಲ್ಲಬೇಕು.

ಬೋರ್ಡಿನಿಂದ ಆದ ನಿಜವಾದ ಲಾಭ ಬೇರೆಯೇ. ಅದು ಗಾಡಿಗಳ ವೇಗವನ್ನು ಸಮಯದ ಜೊತೆ ಒಳಗೇ ದಾಖಲು ಮಾಡುತ್ತದೆ. ನಮ್ಮ ಸಭೆಗಳಲ್ಲಿ ಯಾವಾಗಲೂ ಒಂದೇ ಜಗಳ. ಒಬ್ಬರು "ಎಲ್ಲಾ ಗಾಡಿಯೂ ಹಾರಿಕೊಂಡು ಹೋಗುತ್ತೆ" ಅನ್ನುತ್ತಾರೆ, ಇನ್ನೊಬ್ಬರು "ಏನೂ ಇಲ್ಲ, ನೀವು ಜಾಸ್ತಿ ಮಾಡ್ತೀರ" ಅನ್ನುತ್ತಾರೆ. ದಾಖಲೆ ಬಂದ ಮೇಲೆ ಆ ಜಗಳ ನಿಂತಿತು. ಸಂಚಾರ ಎಂಜಿನಿಯರ್‌ಗಳು 100 ಗಾಡಿಗಳಲ್ಲಿ 85 ಯಾವ ವೇಗದ ಒಳಗಿವೆ ಅಂತ ನೋಡುತ್ತಾರೆ. ಆ ಲೆಕ್ಕ ಕೈಯಲ್ಲಿದ್ದರೆ ಯಾವ ಬೀದಿ, ಯಾವ ಹೊತ್ತು ಅಂತ ನೇರವಾಗಿ ಬೆರಳಿಟ್ಟು ತೋರಿಸಬಹುದು. ನಮ್ಮಲ್ಲಿ ಜೋರು ವೇಗ ಇದ್ದದ್ದು ನಾವು ಅಂದುಕೊಂಡಂತೆ ಸಂಜೆ ದಟ್ಟಣೆಯಲ್ಲಿ ಅಲ್ಲ. ಬೆಳಗಿನ ಜಾವ ಮತ್ತು ತಡರಾತ್ರಿ, ರಸ್ತೆ ಖಾಲಿ ಇದ್ದಾಗ.

ಇಷ್ಟೆಲ್ಲಾ ಆದ ಮೇಲೆ ದಂಡದ ಸುತ್ತು ಬಂತು. ಜನರಿಗೆ ಸಿಟ್ಟು ಬಂದದ್ದೂ ಇಲ್ಲೇ. "ಇಷ್ಟು ದಿನ ಚೆನ್ನಾಗಿ ಮಾತಾಡಿ ಈಗ ವಸೂಲಿಗೆ ನಿಂತರು" ಅಂತ ನಮ್ಮ ವಾಟ್ಸಾಪ್ ಗುಂಪಿನಲ್ಲೇ ಎಷ್ಟೋ ಜನ ಬರೆದರು. ನಾನು ಆ ಮಾತು ಒಪ್ಪುವುದಿಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳಬೇಕು.

ಮೂರು ಕಡೆ ಹಿಡಿಯುವ ಸೀಟ್ ಬೆಲ್ಟನ್ನು ವೋಲ್ವೋದ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿ ಕಾರಿಗೆ ಹಾಕಿದ್ದು 1959ರಲ್ಲಿ. ಪೇಟೆಂಟನ್ನು ಬೇರೆ ಕಂಪನಿಗಳಿಗೂ ಬಿಟ್ಟುಕೊಟ್ಟರು. ಆದರೂ ಬೆಲ್ಟ್ ಪಕ್ಕದಲ್ಲೇ ನೇತಾಡುತ್ತಿದ್ದರೂ ಜನ ಹಾಕಿಕೊಳ್ಳಲಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1970ರಲ್ಲಿ ಬೆಲ್ಟ್ ಹಾಕುವುದನ್ನು ಕಡ್ಡಾಯ ಮಾಡಿ ಕಾನೂನು ತಂದಿತು, ಜಗತ್ತಿನಲ್ಲೇ ಅದು ಮೊದಲು. ಪ್ರಾಣ ಉಳಿಸುವ ವಸ್ತು ಕೈಗೆಟಕುವ ಹಾಗೆ ಇದ್ದು, ಅದು ಒಳ್ಳೆಯದು ಅಂತ ಗೊತ್ತಿದ್ದೂ ಹಾಕಿಕೊಳ್ಳದೆ ಇರುವುದು ಮನುಷ್ಯರ ಅಭ್ಯಾಸ. ಅದನ್ನು ಬರೀ ಮಾತಿನಿಂದ ಬಿಡಿಸಲು ಆಗುವುದಿಲ್ಲ.

ಅದೇ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 1982ರ ಡಿಸೆಂಬರ್‌ನಲ್ಲಿ ಪೊಲೀಸರು ಯಾವ ಡ್ರೈವರನ್ನಾದರೂ, ಅನುಮಾನಕ್ಕೆ ಕಾರಣವೇ ಇಲ್ಲದಿದ್ದರೂ ನಿಲ್ಲಿಸಿ ಉಸಿರು ಪರೀಕ್ಷೆ ಮಾಡುವುದನ್ನು ಶುರು ಮಾಡಿದರು. ಜೊತೆಗೆ ಜೋರು ಪ್ರಚಾರವೂ ನಡೆಯಿತು. ಕುಡಿದು ಓಡಿಸಿ ಆಗುವ ಸಾವುಗಳು ಚೆನ್ನಾಗಿ ಇಳಿದವು. ಅಲ್ಲಿ ಕೆಲಸ ಮಾಡಿದ್ದು ದಂಡದ ಮೊತ್ತ ಅಲ್ಲ. "ಇವತ್ತು ನನ್ನನ್ನು ನಿಲ್ಲಿಸಬಹುದು" ಅನ್ನುವ ನಂಬಿಕೆ. ದೊಡ್ಡ ದಂಡ, ಆದರೆ ಯಾರೂ ಹಿಡಿಯಲ್ಲ ಅಂತಿದ್ದರೆ ಯಾರಿಗೂ ಭಯ ಇರಲ್ಲ. ಸಣ್ಣ ದಂಡ, ಆದರೆ ಸಿಕ್ಕಿಬೀಳುವುದು ಗ್ಯಾರಂಟಿ ಅಂದರೆ ಎಲ್ಲರೂ ನೆಟ್ಟಗೆ ಓಡಿಸುತ್ತಾರೆ.

ಹಾಗಾಗಿ ದಂಡದ ಸುತ್ತನ್ನು ನಾನು ಅಳೆಯುವುದು ಎಷ್ಟು ಜನರನ್ನು ಹಿಡಿದರು ಅನ್ನುವುದರಿಂದ ಅಲ್ಲ. ಮೊದಲೇ ಹೇಳಿದ್ದರಾ? ಹೇಳಿದ್ದರು, ಬೀದಿ ಬೀದಿಗೂ ಬರೆದು ಅಂಟಿಸಿದ್ದರು, ಮೊದಲ ವಾರ ಬರೀ ಎಚ್ಚರಿಕೆ ಕೊಟ್ಟು ಬಿಟ್ಟರು. ಎಲ್ಲರಿಗೂ ಕಾಣುವ ಹಾಗೆ ನಿಂತಿದ್ದರಾ? ಬಹುತೇಕ ಹೌದು. ಒಂದು ದಿನ ಮಾತ್ರ ತಿರುವಿನ ಹಿಂದೆ ಅಡಗಿ ನಿಂತು ಇದ್ದಕ್ಕಿದ್ದಂತೆ ಬೈಕಿಗೆ ಅಡ್ಡ ಬಂದರು. ಅದು ನನಗೆ ಸ್ವಲ್ಪವೂ ಇಷ್ಟ ಆಗಲಿಲ್ಲ. ತಪ್ಪಿಸಿಕೊಳ್ಳಲು ಹೋಗಿ ಸವಾರ ಬಿದ್ದರೆ ಯಾವ ಸುರಕ್ಷತೆ ಅದು? ದೂರು ಕೊಟ್ಟೆವು, ಆಮೇಲೆ ಹಾಗೆ ಆಗಲಿಲ್ಲ. ಜಾಗ, ಹೊತ್ತು ಬದಲಿಸುತ್ತಿದ್ದರಾ? ಜಾಗ ಬದಲಿಸಿದರು, ಹೊತ್ತು ಬದಲಿಸಲಿಲ್ಲ. ಬೆಳಗ್ಗೆ ಆಫೀಸ್ ಹೊತ್ತು, ಸಂಜೆ ಆಫೀಸ್ ಬಿಡುವ ಹೊತ್ತು, ಅಷ್ಟೇ. ಬೋರ್ಡಿನ ದಾಖಲೆ ತಡರಾತ್ರಿ ಅನ್ನುತ್ತಿದ್ದರೆ ಬ್ಯಾರಿಕೇಡ್ ಸಂಜೆಗೇ ಎತ್ತಿ ಹೋಗುತ್ತಿತ್ತು. ಕುಡಿದು ಓಡಿಸುವವರಂತೂ ಆ ಹೊತ್ತಿಗೆ ಇನ್ನೂ ಹೊರಟೇ ಇರುವುದಿಲ್ಲ ಅಲ್ವಾ? ನನ್ನ ಒಂದು ಅಂಕದಲ್ಲಿ ಅರ್ಧ ಹೋದದ್ದು ಇಲ್ಲಿ.

ಮೆಚ್ಚಿಕೊಳ್ಳಲೇಬೇಕಾದ ಒಂದು ಸಂಗತಿ ಇದೆ. ನಿಲ್ಲಿಸಿದ ತಕ್ಷಣ ಫೋನ್ ತೆಗೆದು "ಯಾರ ಹತ್ತಿರ ಮಾತಾಡಬೇಕು ಹೇಳಿ" ಅನ್ನುವ ಜನ ಎಲ್ಲಾ ಕಡೆ ಇರುತ್ತಾರೆ. ಅವತ್ತು ನಮ್ಮ ನಿವಾಸಿಗಳ ಗುಂಪಿನವರೇ ಒಬ್ಬರು ಹಾಗೆ ಮಾಡಿದರು. ಅಲ್ಲಿದ್ದ ಮಹಿಳಾ ಸಿಬ್ಬಂದಿ ಫೋನ್ ತೆಗೆದುಕೊಳ್ಳಲಿಲ್ಲ. "ಮಾತಾಡಿ ಸರ್, ಮಾತಾಡಿ ಮುಗಿಸಿ, ನಾನು ಅಷ್ಟರಲ್ಲಿ ಚಲನ್ ಬರೀತೀನಿ" ಅಂದರು, ದನಿ ಏರಿಸದೆ. ಹಿಂದೆ ಸಾಲಿನಲ್ಲಿ ನಿಂತಿದ್ದವರ ಮುಖ ನೋಡಬೇಕಿತ್ತು. ಒಬ್ಬರನ್ನು ಬಿಟ್ಟಿದ್ದರೂ ಇಡೀ ತಿಂಗಳ ಕೆಲಸ ನೀರಿಗೆ ಹೋಗುತ್ತಿತ್ತು. ಜನ ದಂಡವನ್ನು ದ್ವೇಷಿಸುವುದಕ್ಕಿಂತ ಜಾಸ್ತಿ ಭೇದಭಾವವನ್ನು ದ್ವೇಷಿಸುತ್ತಾರೆ.

ಸ್ವಯಂಸೇವಕರ ಬಗ್ಗೆ ಒಂದು ಎಚ್ಚರಿಕೆ. ಹಳದಿ ಜಾಕೆಟ್ ಹಾಕಿದ ಕೂಡಲೇ ಕೆಲವರಿಗೆ ಅಧಿಕಾರ ಬಂದಂತೆ ಅನ್ನಿಸಿಬಿಡುತ್ತದೆ. ಗಾಡಿಗೆ ಅಡ್ಡ ನಿಲ್ಲುವುದು, ಕೀ ಕಿತ್ತುಕೊಳ್ಳುವುದು, ನಂಬರ್ ಪ್ಲೇಟ್ ಫೋಟೋ ತೆಗೆದು ಗುಂಪಿನಲ್ಲಿ ಹಾಕಿ "ಇವರ ಮನೆ ಯಾವುದು" ಅಂತ ಕೇಳುವುದು, ಇವು ಯಾವುವೂ ನಮ್ಮ ಕೆಲಸ ಅಲ್ಲ. ರಸ್ತೆಯಲ್ಲಿ ನಿಲ್ಲಿಸುವುದು, ದಾಖಲೆ ಕೇಳುವುದು ಪೊಲೀಸರದು. ಮಕ್ಕಳನ್ನು ದಾಟಿಸುವುದು, ವೇಗ ಬರೆದುಕೊಳ್ಳುವುದು, ಅಕ್ಕಪಕ್ಕದವರ ಹತ್ತಿರ ಮಾತಾಡುವುದು ನಮ್ಮದು. ಬ್ರಿಟನ್ನಿನಲ್ಲಿ ಕಮ್ಯುನಿಟಿ ಸ್ಪೀಡ್‌ವಾಚ್ ಅಂತ ನಡೆಯುತ್ತದೆ. ಊರಿನವರೇ ವೇಗ ಅಳೆದು ಬರೆದುಕೊಳ್ಳುತ್ತಾರೆ, ಮಿತಿ ಮೀರಿದ ಗಾಡಿಯವರಿಗೆ ಪೊಲೀಸರು ಎಚ್ಚರಿಕೆ ಪತ್ರ ಕಳಿಸುತ್ತಾರೆ. ಸ್ವಯಂಸೇವಕರು ಯಾರಿಗೂ ದಂಡ ಹಾಕುವುದಿಲ್ಲ. ಈ ಗಡಿ ಸ್ಪಷ್ಟವಾಗಿ ಇರಬೇಕು. ನಮ್ಮಲ್ಲಿ ಅದನ್ನು ಮೊದಲ ದಿನ ಹೇಳದೆ ಎರಡು ಜಗಳ ಆದ ಮೇಲೆ ಹೇಳಿದರು.

ಪ್ರಚಾರ ಅಂದರೆ ಬ್ಯಾನರ್ ಮತ್ತು ಮೆರವಣಿಗೆ ಅಂದುಕೊಂಡವರಿಗೆ ಕೊಲಂಬಿಯಾ ದೇಶದ ಬೊಗೋಟಾ ನಗರದ ಕಥೆ ಗೊತ್ತಿರಬೇಕು. 1995ರಲ್ಲಿ ಅಲ್ಲಿನ ಮೇಯರ್ ಆದ ಆಂಟಾನಾಸ್ ಮೋಕುಸ್ ಜಂಕ್ಷನ್‌ಗಳಲ್ಲಿ ಮೂಕಾಭಿನಯ ಮಾಡುವ ಕಲಾವಿದರನ್ನು ನಿಲ್ಲಿಸಿದರು. ಮುಖಕ್ಕೆ ಬಿಳಿ ಬಣ್ಣ ಬಳಿದ ಅವರು ಜೀಬ್ರಾ ಗೆರೆ ಮೇಲೆ ಗಾಡಿ ನಿಲ್ಲಿಸಿದವರನ್ನು, ಎಲ್ಲೆಂದರಲ್ಲಿ ದಾಟುವವರನ್ನು ಅಭಿನಯದಲ್ಲೇ ಅಣಕಿಸುತ್ತಿದ್ದರು. ಜನರಿಗೆ ಹೆಬ್ಬೆರಳು ಮೇಲೆ, ಹೆಬ್ಬೆರಳು ಕೆಳಗೆ ಇರುವ ಕಾರ್ಡುಗಳನ್ನು ಲಕ್ಷಗಟ್ಟಲೆ ಹಂಚಿ, ಒಳ್ಳೆಯ ಡ್ರೈವರ್‌ಗೆ ಮೆಚ್ಚುಗೆ, ಕೆಟ್ಟವರಿಗೆ ಬೇಸರ ತೋರಿಸಿ ಅಂದರು. ಈ ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಅದೇ ಮೇಯರ್ ಬಾರ್‌ಗಳನ್ನು ರಾತ್ರಿ 1 ಗಂಟೆಗೆ ಮುಚ್ಚಿಸುವ ನಿಯಮವನ್ನೂ ತಂದರು. ನಗಿಸುವುದೂ ಇತ್ತು, ಬಾಗಿಲು ಹಾಕಿಸುವುದೂ ಇತ್ತು. ಎರಡರಲ್ಲಿ ಒಂದನ್ನು ಮಾತ್ರ ಮಾಡಿ ಫಲ ಬರಲಿಲ್ಲ ಅಂತ ಕೈಚೆಲ್ಲುವವರು ಇದನ್ನು ಗಮನಿಸಬೇಕು.

ಇನ್ನು ಉಳಿದ ಅರ್ಧ ಅಂಕ. ಅದು ಹೋದದ್ದು ರಸ್ತೆಯ ಸಲುವಾಗಿ. ಇಡೀ ಕಾರ್ಯಕ್ರಮ ಜನರನ್ನು ತಿದ್ದುವುದರಲ್ಲೇ ಇತ್ತು, ರಸ್ತೆಯನ್ನು ತಿದ್ದುವ ಮಾತೇ ಬರಲಿಲ್ಲ. ನಮ್ಮ ಜೀಬ್ರಾ ಕ್ರಾಸಿಂಗ್ ಒಂದು ತಿರುವು ಮುಗಿದ ಕೂಡಲೇ ಬರುತ್ತದೆ. ಅದರ ಪಕ್ಕದಲ್ಲೇ ಗಾಡಿಗಳು ನಿಂತಿರುತ್ತವೆ. ಆರು ವರ್ಷದ ಮಗು ದಾಟಲು ನಿಂತರೆ ಬರುವ ಡ್ರೈವರ್‌ಗೆ ಮಗುವಿನ ತಲೆಯೂ ಕಾಣುವುದಿಲ್ಲ, ಮಗುವಿಗೂ ಬರುವ ಗಾಡಿ ಕಾಣುವುದಿಲ್ಲ. ಇಲ್ಲಿ ಎಷ್ಟು ಪಾಠ ಮಾಡಿದರೆ ಏನು ಬಂತು? ಕ್ರಾಸಿಂಗನ್ನು ಸ್ವಲ್ಪ ಹಿಂದಕ್ಕೆ ತರಬೇಕು, ಅದನ್ನು ಹಂಪ್ ಥರ ಎತ್ತರ ಮಾಡಬೇಕು, ಮೇಲೆ ಒಂದು ದೀಪ ಬೇಕು, ಪಕ್ಕದಲ್ಲಿ ಪಾರ್ಕಿಂಗ್ ನಿಲ್ಲಿಸಬೇಕು. ಸಂಚಾರ ಪೊಲೀಸರನ್ನು ಕೇಳಿದರೆ "ಅದು ನಮ್ಮದಲ್ಲ, ರಸ್ತೆಯವರದು" ಅಂತಾರೆ. ರಸ್ತೆಯವರು, ಅಂದರೆ ರಸ್ತೆಯ ಕೆಲಸ ನೋಡುವ ಕಚೇರಿಯವರು, ಸಭೆಗೆ ಬರಲೇ ಇಲ್ಲ.

ಸ್ವೀಡನ್ ಸಂಸತ್ತು 1997ರಲ್ಲಿ ವಿಷನ್ ಝೀರೋ ಅನ್ನುವ ನೀತಿಯನ್ನು ಒಪ್ಪಿಕೊಂಡಾಗ ಅದರ ಮೂಲ ಮಾತು ಇದೇ ಆಗಿತ್ತು: ಮನುಷ್ಯ ತಪ್ಪು ಮಾಡೇ ಮಾಡುತ್ತಾನೆ, ಆ ತಪ್ಪಿಗೆ ಸಾವು ಬೆಲೆ ಆಗಬಾರದು, ರಸ್ತೆ ಹಾಗೆ ಕಟ್ಟಬೇಕು. ಫಿನ್‌ಲ್ಯಾಂಡ್‌ನ ರಾಜಧಾನಿ ಹೆಲ್ಸಿಂಕಿಯಲ್ಲಿ ಮನೆಗಳಿರುವ ಬಹುತೇಕ ಬೀದಿಗಳಿಗೆ 30ರ ಮಿತಿ ಇದೆ. 2019ರಲ್ಲಿ ಅಲ್ಲಿ ನಡೆದು ಹೋಗುವವರು ಒಬ್ಬರೂ ರಸ್ತೆ ಅಪಘಾತದಲ್ಲಿ ಸಾಯಲಿಲ್ಲ. ಇದು ಬರೀ ಜಾಗೃತಿಯಿಂದ ಆದದ್ದಲ್ಲ. ಬೀದಿಯನ್ನೇ ನಿಧಾನ ಮಾಡಿದರು, ವೇಗದ ಮೇಲೆ ಕಣ್ಣಿಟ್ಟರು. ಆಮೇಲೆ ಜನ ನಿಧಾನ ಆದರು.

ಇನ್ನೊಂದು ದೂರು, ಸಣ್ಣದು ಆದರೆ ಬೇಸರ ತಂದದ್ದು. ಕಾರ್ಯಕ್ರಮ ಮುಗಿದ ಮೇಲೆ ಲೆಕ್ಕ ಕೊಡಲಿಲ್ಲ. ಎಷ್ಟು ಎಚ್ಚರಿಕೆ, ಎಷ್ಟು ದಂಡ ಅನ್ನುವುದನ್ನು ಪತ್ರಿಕೆಯವರಿಗೆ ಹೇಳಿದರು. ವೇಗ ಎಷ್ಟು ಇಳಿಯಿತು, ಸ್ಟ್ರಾಪ್ ಹಾಕುವವರು ಜಾಸ್ತಿ ಆದರಾ, ಹಿಂಬದಿ ಸವಾರರು ಹೆಲ್ಮೆಟ್ ಹಾಕುತ್ತಿದ್ದಾರಾ ಅನ್ನುವುದನ್ನು ಯಾರಿಗೂ ಹೇಳಲಿಲ್ಲ. ನಮ್ಮ ಸ್ವಯಂಸೇವಕರು ಮುಂಚೆಯೇ ಒಂದು ಬೆಳಗ್ಗೆ ಕೂತು ಎಣಿಸಿಟ್ಟಿದ್ದರು, ಮುಗಿದ ಮೇಲೂ ಅದೇ ಜಾಗ, ಅದೇ ಹೊತ್ತಿನಲ್ಲಿ ಎಣಿಸಿದರು. ಸವಾರರಲ್ಲಿ ಬದಲಾವಣೆ ಚೆನ್ನಾಗಿ ಕಾಣುತ್ತಿತ್ತು, ಹಿಂದೆ ಕೂತವರಲ್ಲಿ ಕಡಿಮೆ, ಶಾಲೆಗೆ ಹೋಗುವ ಮಕ್ಕಳ ತಲೆಯ ಮೇಲೆ ಹೆಲ್ಮೆಟ್ ಇನ್ನೂ ಅಪರೂಪ. ಅಪ್ಪನ ತಲೆಗೆ ಹೆಲ್ಮೆಟ್, ಮುಂದೆ ನಿಂತ ಮಗುವಿಗೆ ಏನೂ ಇಲ್ಲ. ಮುಂದಿನ ಸುತ್ತು ಇಲ್ಲಿಂದಲೇ ಶುರು ಆಗಬೇಕು.

ನಿಮ್ಮ ಕಡೆ ಇದನ್ನು ಕರೆಸುವುದಾದರೆ ಒಂದಿಷ್ಟು ತಯಾರಿ ಮಾಡಿಕೊಳ್ಳಿ. ಶುರು ಆಗುವ ಮುಂಚೆಯೇ ನೀವೇ ಒಂದು ಸಲ ಎಣಿಸಿಟ್ಟುಕೊಳ್ಳಿ, ಇಲ್ಲದಿದ್ದರೆ ಆಮೇಲೆ ಏನು ಬದಲಾಯ್ತು ಅಂತ ಹೇಳಲು ಆಗುವುದಿಲ್ಲ. ಯಾವ ಜಾಗದಲ್ಲಿ ಜನ ಬಿದ್ದಿದ್ದಾರೆ ಅಂತ ಹತ್ತಿರದ ಅಂಗಡಿಯವರನ್ನು, ಆಟೋದವರನ್ನು ಕೇಳಿ ಬರೆದಿಡಿ. ಪೊಲೀಸ್ ದಾಖಲೆಗೆ ಬಾರದ ಸಣ್ಣಪುಟ್ಟ ಬೀಳುವಿಕೆ ಅವರಿಗೆ ಮಾತ್ರ ಗೊತ್ತಿರುತ್ತದೆ. ರಾತ್ರಿ ತಪಾಸಣೆ ಇರುತ್ತದಾ ಅಂತ ಮೊದಲೇ ಕೇಳಿ. ರಸ್ತೆಯ ಕೆಲಸ ನೋಡುವ ಕಚೇರಿಯವರು ಮೊದಲ ಸಭೆಗೇ ಬರಬೇಕು ಅಂತ ಪಟ್ಟು ಹಿಡಿಯಿರಿ. ಮೊದಲ ಸಭೆಗೆ ಬರದವರು ಕೊನೆಯ ಸಭೆಗೂ ಬರುವುದಿಲ್ಲ. ಹಾರ, ಶಾಲು, ಗಣ್ಯರ ಭಾಷಣಕ್ಕೆ ಹೋಗುವ ಹೊತ್ತನ್ನು ಹೆಲ್ಮೆಟ್ ಮೇಜಿಗೆ ಕೊಡಿಸಿ.

ಒಂದು ಸಲ ಬಂದು ಹೋಗುವ ಕಾರ್ಯಕ್ರಮ ಆದರೆ ಬೇಡ ಅನ್ನಿ. ವರ್ಷದಲ್ಲಿ ಹಲವು ಸಲ, ಹೇಳದೆ ಕೇಳದೆ ಬಂದು ನೋಡುತ್ತೇವೆ ಅಂತ ಒಪ್ಪಿಕೊಂಡರೆ ಮಾತ್ರ ಹೂಂ ಅನ್ನಿ. ನಮ್ಮವರು ಒಪ್ಪಿದ್ದಾರೆ. ಕ್ರಾಸಿಂಗ್ ಬಗ್ಗೆ ನಾವು ಕೊಟ್ಟ ಅರ್ಜಿ ರಸ್ತೆಯವರ ಮೇಜಿನ ಮೇಲಿದೆ. ಫೋಟೋ, ಅಳತೆ, ಬೋರ್ಡಿನ ದಾಖಲೆ ಮೂರನ್ನೂ ಲಗತ್ತಿಸಿದ್ದೇವೆ. ಆ ಕ್ರಾಸಿಂಗ್ ಹಿಂದಕ್ಕೆ ಸರಿದ ದಿನ ಉಳಿದ ಅರ್ಧ ಅಂಕವನ್ನು ಖುಷಿಯಿಂದ ಸೇರಿಸುತ್ತೇನೆ, ರಾತ್ರಿ ಬ್ಯಾರಿಕೇಡ್ ನಿಂತ ದಿನ ಇನ್ನರ್ಧವನ್ನೂ.